ಚೇಂಬರ್ ಮೇಲೆ ಗ್ರಾನೈಟ್ ಹಾಕಿಸಬೇಡಿ

ಮನೆ ಕಟ್ಟಿಸುತ್ತಿದ್ದೀರಾ? ಹಳೇ ಮನೆ ರಿಪೇರಿ ಮಾಡಿಸುತ್ತಿದ್ದೀರಾ? ಹಾಗಾದರೆ ಇದನ್ನು ಓದಿ. ಚೇಂಬರ್ ಅಂದರೆ ಮನೆಯ ಕೊಳಚೆ ಪೈಪ್ ಬೀದಿ ಲೈನಿಗೆ ಸೇರುವ ಮೊದಲು ನೆಲದಲ್ಲಿ ಕಟ್ಟುವ, ಮುಚ್ಚಳವಿರುವ ತೊಟ್ಟಿ. ಸ್ವಲ್ಪ ಗಲೀಜಿನ ವಿಷಯ, ತಿಂಡಿ ಮುಗಿಸಿಕೊಂಡು ಬಂದರೆ ಒಳ್ಳೆಯದು.

ನಮ್ಮದು ಬೆಂಗಳೂರಿನ ಉತ್ತರಹಳ್ಳಿ ಕಡೆ 30–40 ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಗೌರಿ ಹಬ್ಬದ ಹಿಂದಿನ ರಾತ್ರಿ ನಮ್ಮ ಬಾತ್‌ರೂಮಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ನೆಲದ ನೀರು ಇಳಿಯುವ ಜಾಲರಿ ಬಾಯಲ್ಲಿ, ಗುಳುಗುಳು ಸದ್ದು. ಮನೆಯಲ್ಲಿ ಯಾರೂ ನೀರು ಬಿಟ್ಟಿರಲಿಲ್ಲ. ನೋಡನೋಡುತ್ತಲೇ ಜಾಲರಿಯಿಂದ ನೊರೆ ಎದ್ದಿತು. ಮೇಲಿನ ಮನೆಯ ವಾಷಿಂಗ್ ಮಷಿನ್ ನೀರು. ಅದರ ಹಿಂದೆಯೇ ಬರಬಾರದ್ದೂ ಬಂತು.

ಲೈನ್ ಕಟ್ಟಿಕೊಂಡರೆ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯಿಂದ ಹೊರಗೆ ಬರುತ್ತದೆ. ಮಹಡಿ ಮನೆಯಲ್ಲಿ ಆ ಬಾಯಿ ಕೆಳಮನೆಯ ಬಾತ್‌ರೂಮ್ ನೆಲ. ಮೇಲಿನವರಿಗೆ ಏನೂ ಗೊತ್ತಾಗುವುದಿಲ್ಲ. ಪಾಪ, ಅವರು ಆರಾಮಾಗಿ ಫ್ಲಶ್ ಮಾಡುತ್ತಲೇ ಇರುತ್ತಾರೆ.

ಬೆಳಿಗ್ಗೆ ಪ್ಲಂಬರ್ ಬಂದವನೇ ಕೇಳಿದ ಮೊದಲ ಮಾತು: "ಸಾರ್, ಚೇಂಬರ್ ಎಲ್ಲಿ?"

ನಾನು ಪೋರ್ಟಿಕೋದ ಗ್ರಾನೈಟ್ ಕಡೆ ಕೈ ತೋರಿಸಿದೆ. "ಇದರ ಕೆಳಗೆ ಎಲ್ಲೋ ಇದೆ." ಅವನು ಗ್ರಾನೈಟ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ಎರಡು ವರ್ಷದ ಹಿಂದೆ ರಿಪೇರಿ ಮಾಡಿಸಿದಾಗ ಚೇಂಬರ್ ಮುಚ್ಚಳ ಅಸಹ್ಯ ಕಾಣುತ್ತೆ ಅಂದವನು ನಾನೇ. "ಮುಚ್ಚಿಬಿಡೋಣ ಬಿಡಿ ಸಾರ್, ಏನೂ ಆಗಲ್ಲ" ಅಂದ ಕಂಟ್ರಾಕ್ಟರ್. ಅದೇ ಸಮಯಕ್ಕೆ ಹಳೇ ಪೈಪ್ ತೆಗೆದು ಹೊಸ ನಾಲ್ಕಿಂಚಿನ ಪಿವಿಸಿ ಹಾಕಿದ್ದರು. ಮೇಲಿಂದ ಇಳಿಯುವ ಪೈಪ್ ಬುಡದಲ್ಲಿ, ಆಮೇಲೆ ಲೈನ್ ಬೀದಿ ಕಡೆ ತಿರುಗುವ ಕಡೆ, ಎರಡೂ ಜಾಗದಲ್ಲಿ ಡೋರ್ ಬೆಂಡ್ ಬರಬೇಕಿತ್ತು. ಬೆಂಡ್‌ನ ಬೆನ್ನಿಗೇ ರಬ್ಬರ್ ರಿಂಗ್ ಇಟ್ಟು ಬೋಲ್ಟ್ ಮಾಡಿದ ಪುಟ್ಟ ಬಾಗಿಲಿರುತ್ತದೆ. ಕಟ್ಟಿಕೊಂಡಾಗ ಬಿಚ್ಚಿ ರಾಡ್ ತೂರಿಸುವುದಕ್ಕೆ. ನಮಗೆ ಬಾಗಿಲಿಲ್ಲದ ಪ್ಲೇನ್ ಬೆಂಡ್ ಹಾಕಿ ಮಣ್ಣು, ಕಾಂಕ್ರೀಟ್ ಎಲ್ಲಾ ಮುಚ್ಚಿದ್ದರು. ಒಂದಕ್ಕೊಂದು ಬೆಲೆಯಲ್ಲಿ ವ್ಯತ್ಯಾಸ ಒಂದು ಮಸಾಲೆ ದೋಸೆಯಷ್ಟು. ಆ ಉಳಿತಾಯ ನಾನು ಹೇಳಿ ಮಾಡಿಸಿದ್ದಲ್ಲ. ಆದರೆ ಬಿಲ್ ಕಡಿಮೆ ಬಂತು ಅಂತ ಖುಷಿಪಟ್ಟಿದ್ದೆ.

ರಾಡ್ ಹಾಕಲು ದಾರಿಯೇ ಇಲ್ಲ. ಹಬ್ಬದ ದಿನ ಕಮೋಡ್ ಕಿತ್ತು ಆಚೆ ಇಟ್ಟರು. ಆ ತೂತಿನಿಂದ ಪೈಪಿನೊಳಗೆ ಬಳುಕಿ ಹೋಗುವ ಉದ್ದನೆ ಸ್ಪ್ರಿಂಗ್ ಬಿಟ್ಟರೆ ಒಂದು ಬೆಂಡ್ ದಾಟಿತು, ಎರಡನೇದರಲ್ಲಿ ಸುತ್ತಿಕೊಂಡು ನಿಂತಿತು. ನನ್ನ ಇನ್ನೊಂದು ಜಾಣತನ ಹೇಳಲೇಬೇಕು. ರಾತ್ರಿಯೇ ಒಂದು ಬಾಟಲಿ ಆಸಿಡ್ ಸುರಿದಿದ್ದೆ, ಪ್ಲಂಬರ್‌ಗೆ ಹೇಳುವುದು ಮರೆತಿದ್ದೆ. ಸ್ಪ್ರಿಂಗ್ ಎಳೆದಾಗ ಆ ನೀರು ಅವನ ಕೈಗೆ ಸಿಡಿಯಿತು. ಗ್ಲೌಸ್ ಇದ್ದಿದ್ದಕ್ಕೆ ಬಚಾವ್. ದಯವಿಟ್ಟು ಆಸಿಡ್ ಹಾಕಬೇಡಿ. ಹಾಕಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ.

ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿದೆ. ಅವರು ಬಂದು ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ತೋರಿಸಿದರು. ನೀರು ಸರಾಗವಾಗಿ ಹರಿಯುತ್ತಿತ್ತು. ಅಂದರೆ ಅಡ್ಡಿ ನಮ್ಮ ಕಾಂಪೌಂಡಿನ ಒಳಗೇ. ನಿಮ್ಮ ಮನೆ ಚೇಂಬರ್ ತುಂಬಿ ನಿಂತಿದ್ದರೆ ತೊಂದರೆ ಅಲ್ಲಿಂದ ಮುಂದೆ, ಬೀದಿ ಕಡೆಗೆ. ಚೇಂಬರ್ ಖಾಲಿ ಇದ್ದು ಬಾತ್‌ರೂಮ್ ತುಂಬಿದ್ದರೆ ಹಿಂದೆ, ಮನೆ ಕಡೆಗೆ. ಮುಚ್ಚಳ ತೆಗೆದರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ. ಮುಚ್ಚಳ ಇರಬೇಕು, ಅಷ್ಟೇ.

ಗ್ರಾನೈಟ್ ಒಡೆದೆವು. ಮೊದಲನೇ ಗುಂಡಿಯಲ್ಲಿ ಏನಿಲ್ಲ. ಎರಡನೇದರಲ್ಲಿ ಕರೆಂಟ್ ವೈರಿನ ಪೈಪು. ಮೂರನೇದರಲ್ಲಿ ಚೇಂಬರ್ ಸಿಕ್ಕಿತು, ಒಳಗೆ ಒಣಗಿತ್ತು. ಅಲ್ಲಿಂದ ಹಿಂದಕ್ಕೆ ಅಗೆದು ಬೆಂಡ್ ಹತ್ತಿರ ಕತ್ತರಿಸಿದ ಕೂಡಲೇ ಮೇಲಿನ ಪೈಪಿನಲ್ಲಿ ನಿಂತಿದ್ದೆಲ್ಲಾ ಭರ್ರನೆ ಗುಂಡಿಗೆ ನುಗ್ಗಿತು. ಪಕ್ಕದಲ್ಲೇ, ಮೂರಡಿ ದೂರದಲ್ಲಿ, ನಮ್ಮ ಕಾವೇರಿ ನೀರಿನ ಸಂಪು. ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ಎರಡು ಟ್ಯಾಂಕರ್ ನೀರು ಹಾಕಿಸಿದೆವು.

ಬೆಂಡ್ ಒಳಗೆ ಸಿಕ್ಕಿದ್ದು ಮುಷ್ಟಿಗಾತ್ರದ ಸಿಮೆಂಟ್ ಗಟ್ಟಿ. ಒಂದು ಕಡೆ ಪೈಪಿನ ಹೊಟ್ಟೆಯ ಹಾಗೆ ದುಂಡಗೆ, ನುಣ್ಣಗೆ. ಇನ್ನೊಂದು ಕಡೆ ತರಿತರಿ, ಅದಕ್ಕೆ ಕೂದಲು, ಅಡುಗೆ ಜಿಡ್ಡು, ಮಗುವಿಗೆ ಬಳಸುವ ವೈಪ್ಸ್ ಎಲ್ಲಾ ಹೆಣೆದುಕೊಂಡಿತ್ತು. ಟೈಲ್ಸ್ ಕೆಲಸದವರು ಸಿಮೆಂಟ್ ಹಾಲಿನ ಬಕೆಟ್ ತೊಳೆದು ಬಾತ್‌ರೂಮಿಗೇ ಸುರಿದಿದ್ದರು. ಅದು ಬೆಂಡ್‌ನಲ್ಲಿ ಕೂತು ಕಲ್ಲಾಗಿತ್ತು. ಎರಡು ವರ್ಷ ನಾವು ಅದರ ಮೇಲೆ ಸೇರಿಸುತ್ತಾ ಬಂದೆವು. ಟೈಲ್ಸ್ ಕೆಲಸ ಶುರುವಾಗುವ ಮೊದಲು ಎಲ್ಲಾ ಪೈಪ್ ಬಾಯಿಗೂ ಕ್ಯಾಪ್ ಹಾಕಿಸಿ. ಗೋಣಿಚೀಲ ತುರುಕಿದರೆ ಸಾಲದು, ಆ ಚೀಲವೇ ಒಳಗೆ ಹೋಗುತ್ತದೆ.

ಒಟ್ಟು ಖರ್ಚು 46,000 ರೂಪಾಯಿ. ಗ್ರಾನೈಟ್ ಅದೇ ಬಣ್ಣದ್ದು ಸಿಗಲಿಲ್ಲ. ಪೋರ್ಟಿಕೋ ಈಗ ತೇಪೆ ಹಾಕಿದ ಪ್ಯಾಂಟಿನ ಹಾಗಿದೆ.

ಕಥೆ ಮುಗೀಲಿಲ್ಲ. ರಿಪೇರಿ ಮಾಡುವಾಗ, ಬಾಗಿಲು ಇಲ್ಲದೆ ಇಷ್ಟೆಲ್ಲಾ ಆಯಿತಲ್ಲ ಅಂತ ಅಡುಗೆಮನೆ ಲೈನಿಗೂ ಒಂದು ವೈ (Y ಆಕಾರದ ಪೈಪ್ ಜೋಡಣೆ) ಹಾಕಿಸಿ ಮೇಲೆ ಕ್ಯಾಪ್ ಕೂರಿಸಿದೆ. ಆ ಹೊತ್ತಿಗೆ ಬೇರೆ ಕೆಲಸದವನು ಬಂದಿದ್ದ. ಐದು ತಿಂಗಳಿಗೆ ಸಿಂಕ್ ನಿಧಾನವಾಯಿತು. ಹೆಮ್ಮೆಯಿಂದ ಕ್ಯಾಪ್ ಬಿಚ್ಚಿ ನಾನೇ ರಾಡ್ ತಳ್ಳಿದೆ. ಒಳಗಿನಿಂದ ಹೆಂಡತಿ ಕೂಗಿದಳು: "ರೀ, ಸಿಂಕ್ ಕೆಳಗೆ ಟಕ್ ಟಕ್ ಅಂತಿದೆ!" ವೈ ಉಲ್ಟಾ ಕೂತಿತ್ತು. ರಾಡ್ ಬೀದಿ ಕಡೆ ಹೋಗುವ ಬದಲು ಅಡುಗೆಮನೆಗೆ ವಾಪಸ್ ಹೋಗುತ್ತಿತ್ತು. ಕ್ಯಾಪಿನಿಂದ ಇಳಿಯುವ ಕೊಂಬೆ ನೀರು ಹರಿಯುವ ದಿಕ್ಕಿಗೇ ಓರೆಯಾಗಿ ಸೇರಬೇಕು. ಅಂಟು ಹಚ್ಚುವ ಮೊದಲು ನೀವೇ ನಿಂತು ನೋಡಿ, ಆಮೇಲೆ ಕತ್ತರಿಸುವುದೊಂದೇ ದಾರಿ.

ಈಗ ನಮ್ಮ ಮನೆಯಲ್ಲಿ ಬಾಗಿಲು ಇರುವ ಜಾಗಗಳು: ಇಳಿಯುವ ಪೈಪಿನ ಬುಡ, ಲೈನ್ ತಿರುಗುವ ಕಡೆ, ಅಡುಗೆಮನೆ ಪೈಪ್ ಸೇರುವ ಮುಂಚೆ. ಕಾಂಪೌಂಡ್ ದಾಟುವ ಮೊದಲು ಚೇಂಬರ್. ಪ್ರತಿಯೊಂದರ ಮುಂದೆ ಒಂದೂವರೆ ಅಡಿಯಾದರೂ ಖಾಲಿ ಜಾಗ, ಯಾಕೆಂದರೆ ರಾಡ್ ಹಿಡಿದವನು ಕೂರಬೇಕಲ್ಲ. ವಾಷಿಂಗ್ ಮಷಿನ್ ಹಿಂದೆ ಇಟ್ಟ ಬಾಗಿಲು ಇದ್ದೂ ಇಲ್ಲದ ಹಾಗೆ. ನೆಲದಡಿಯ ಲೈನ್ ತಿರುಗುವ ಕಡೆ 90 ಡಿಗ್ರಿಯ ಒಂದು ಬೆಂಡ್ ತೆಗೆಸಿ 45ರ ಎರಡು ಹಾಕಿಸಿದೆ, ರಾಡ್ ಸಲೀಸಾಗಿ ಹೋಗುತ್ತದೆ. ಇಳಿಜಾರು ಹತ್ತಡಿಗೆ ಮೂರಿಂಚು. ಮುಚ್ಚಳದ ಅಂದದ ಚಿಂತೆ ಇದ್ದರೆ, ಒಳಗೇ ಟೈಲ್ ಕೂರಿಸುವಂಥ ಮುಚ್ಚಳ ಸಿಗುತ್ತದೆ. ಇದು ನನಗೆ ಆಗಲೇ ಯಾರಾದರೂ ಹೇಳಬಾರದಿತ್ತಾ!

ಬಾಗಿಲು ಬಿಚ್ಚುವಾಗಲೂ ಹುಷಾರು. ಮೊದಲು ಮೇಲಿನವರಿಗೆ ನೀರು ಬಿಡಬೇಡಿ ಅಂತ ಹೇಳಿ. ಬೋಲ್ಟ್ ಪೂರ್ತಿ ತೆಗೆಯದೆ ಸ್ವಲ್ಪ ಸಡಿಲಿಸಿ ಪಕ್ಕಕ್ಕೆ ನಿಲ್ಲಿ. ಮೇಲೆ ಹತ್ತಡಿ ನೀರು ನಿಂತಿದ್ದರೆ ಅದು ನಿಮ್ಮ ಮುಖಕ್ಕೇ ಬರುತ್ತದೆ.

ನಮ್ಮ ಎದುರು ಸೈಟಿನಲ್ಲಿ ಮನೆ ಏಳುತ್ತಿದೆ. ಗುರುವಾರ ಪೋರ್ಟಿಕೋ ಕಾಂಕ್ರೀಟ್ ಅಂತೆ. ನಿನ್ನೆ ಸುಮ್ನೆ ಹೋಗಿ ಇಣುಕಿದೆ, ಬುಡದಲ್ಲಿ ಪ್ಲೇನ್ ಬೆಂಡ್! ಓನರ್‌ನ ಕರೆದು ನಮ್ಮ ತೇಪೆ ತೋರಿಸಿದೆ. ಇವತ್ತು ಬೆಳಿಗ್ಗೆ ಅವರು ಇನ್ನೂ ಮುಚ್ಚದ ಗುಂಡಿಯಲ್ಲಿ ಟೇಪ್ ಹಿಡಿದು, ಗೋಡೆಯಿಂದ ಪೈಪ್ ಎಷ್ಟು ದೂರ ಅಂತ ಫೋಟೋ ತೆಗೆಯುತ್ತಿದ್ದರು. ಡೋರ್ ಬೆಂಡ್ ತರಲು ಹುಡುಗ ಸ್ಕೂಟರ್ ತಗೊಂಡು ಹೋಗಿದ್ದ.