ಟೆಲಿ-ಮಾನಸ್ 14416: ಮಗು ಸಾಕುತ್ತಿರುವ ದೊಡ್ಡವರೂ ಕರೆ ಮಾಡಿ

2021ರ ಮೇ ತಿಂಗಳಲ್ಲಿ ಕೋವಿಡ್‌ಗೆ ನನ್ನ ತಂಗಿ, ಅವಳ ಗಂಡ ಇಬ್ಬರೂ ಒಂದೇ ವಾರದಲ್ಲಿ ಹೋಗಿಬಿಟ್ಟರು. ಅವರ ಮಗಳು ಆಗಿನಿಂದ ತಿಪಟೂರಿನಲ್ಲಿ ನನ್ನ ಹತ್ತಿರ ಬೆಳೆಯುತ್ತಿದ್ದಾಳೆ. ರಾಜ್ಯದ ಬಾಲ ಸೇವಾ ಯೋಜನೆಯಿಂದ ತಿಂಗಳಿಗೆ 3,500 ರೂಪಾಯಿ ಬರುತ್ತದೆ, ಕೇಂದ್ರ ಸರ್ಕಾರದ ಪಿಎಂ ಕೇರ್ಸ್‌ನ 10 ಲಕ್ಷ ಅವಳಿಗೆ 23 ತುಂಬಿದಾಗ ಸಿಗುತ್ತದೆ. ಓದಿಗೆ ಅದೆಲ್ಲ ದೊಡ್ಡ ಆಸರೆಯೇ. ಆದರೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು "ಮಗು ಹೇಗಿದೆ?" ಅಂತ. ನೀವು ಹೇಗಿದ್ದೀರಿ ಅಂತ ನನ್ನನ್ನು ಮೊದಲು ಕೇಳಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಆಪ್ತಸಮಾಲೋಚಕಿ.

ಕೋವಿಡ್ ಹೊತ್ತಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಕಾಲ ನನ್ನ ದಿಂಬಿನ ಕೆಳಗೇ ಇತ್ತು. ಹುಡುಗಿ ರಾತ್ರಿ ಒಂದು ಸಲ ಕೆಮ್ಮಿದರೆ ಸಾಕು, ಅವಳ ಬೆರಳಿಗೆ ಸಿಕ್ಕಿಸಿ 98 ಅಂತ ಕಾಣಿಸುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ದೊಡ್ಡಮ್ಮ, ನಂಗೇನೂ ಆಗಿಲ್ಲ, ಮಲ್ಕೊ" ಅಂತ ಅವಳೇ ನನಗೆ ಸಮಾಧಾನ ಹೇಳೋಳು. ಮಗುವಿನ ಎದುರು ಅಳಬಾರದು ಅಂತ ನಾನು ತಂಗಿಗಾಗಿ ಸರಿಯಾಗಿ ಅತ್ತೇ ಇರಲಿಲ್ಲ.

ನಮ್ಮ ಬೀದಿಯ ಆಶಾ ಕಾರ್ಯಕರ್ತೆ ನಂಬರ್ ಕೊಟ್ಟರು. ಕನ್ನಡ ಆರಿಸಿಕೊಂಡೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ. ನಿದ್ದೆ ಎಷ್ಟು ಹೊತ್ತು, ಊಟ ಸೇರುತ್ತಾ, ಆಂಬ್ಯುಲೆನ್ಸ್ ಸದ್ದು ಕೇಳಿದರೆ ಏನಾಗುತ್ತೆ, ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ವಿಚಾರಿಸಿದರು. "ಧೈರ್ಯ ತಗೊಳ್ಳಿ, ಮಗುವಿಗಾಗಿ ಗಟ್ಟಿಯಾಗಿರಿ" ಅನ್ನೋ ಮಾತು ಒಮ್ಮೆಯೂ ಬರಲಿಲ್ಲ. ಆ ಮಾತು ಕೇಳಿ ಕೇಳಿ ನಾನು ಸೋತುಹೋಗಿದ್ದೆ. ಮಗುವಿನ ಜೊತೆ ಕೂತು ಅವಳಮ್ಮನ ಫೋಟೊ ನೋಡಿ, ಅಳು ಬಂದರೆ ಇಬ್ಬರೂ ಅತ್ತುಬಿಡಿ, ನೀವು ಅಳೋದರಿಂದ ಅವಳಿಗೆ ಕೆಡುಕಾಗಲ್ಲ ಅಂದರು.

ಫೋನಿನಲ್ಲೇ ಎಲ್ಲ ಬಗೆಹರಿಯುತ್ತೆ ಅನ್ನಲಾರೆ. ನನಗೆ ಡಾಕ್ಟರೂ ಬೇಕಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ, ಮಾನಸಿಕ ತೊಂದರೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿನ ವಿಷಯ ಅವರೇ ತಿಳಿಸಿದರು. ಅಲ್ಲಿ ಬರೆದುಕೊಟ್ಟ ಮಾತ್ರೆಯಿಂದ ನಿದ್ದೆ ಹತ್ತಿತು. ಆಕ್ಸಿಮೀಟರ್ ಈಗ ಬೀರುವಿನಲ್ಲಿದೆ.

2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. 14416 ಸಿಗದಿದ್ದರೆ 1800-89-14416ಕ್ಕೆ ಮಾಡಿ. ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ ತಾತಂದಿರು, ಸೋದರಮಾವಂದಿರು, ಬಾಲಮಂದಿರಗಳಲ್ಲಿ ದುಡಿಯುವವರು ಯಾರೇ ಆಗಲಿ, ಮಕ್ಕಳು ಸ್ಕೂಲಿಗೋ ಟ್ಯೂಷನ್ನಿಗೋ ಹೋಗಿರುವ ಹೊತ್ತು ನೋಡಿಕೊಂಡು ಕರೆ ಮಾಡಿ. ಆಗ ಬಾಯಿಬಿಟ್ಟು ಮಾತಾಡಬಹುದು.