ವಿಸ್ಟ್‌ಫುಲ್ ವಿಸ್ಟಾ, ಸಮ್ಮರ್‌ಫೀಲ್ಡ್, ಕ್ರೂಪರ್: ಮೂರು ರೇಡಿಯೊ ಊರುಗಳ ಹೋಲಿಕೆ

ಟಿ.ವಿ. ಮನೆಮನೆಗೆ ಬರುವ ಮೊದಲು ಅಮೆರಿಕದ ರೇಡಿಯೊದಲ್ಲಿ ಸಣ್ಣ ಊರಿನ ಸಂಸಾರಗಳನ್ನು ಕುರಿತ ಹಾಸ್ಯಸರಣಿಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಇಂದಿಗೂ ಹೆಸರು ಉಳಿಸಿಕೊಂಡಿರುವ ‘ಫಿಬ್ಬರ್ ಮೆಗೀ ಆ್ಯಂಡ್ ಮಾಲಿ’, ‘ದ ಗ್ರೇಟ್ ಗಿಲ್ಡರ್‌ಸ್ಲೀವ್’ ಮತ್ತು ‘ವಿಕ್ ಆ್ಯಂಡ್ ಸೇಡ್’ ಎಂಬ ಮೂರನ್ನು ಬಹುಕಾಲದಿಂದ ಒಂದರ ಜೊತೆಗೊಂದನ್ನಿಟ್ಟು ಕೇಳುತ್ತಾ ಬಂದಿದ್ದೇನೆ. ಮೂರೂ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಮೂರರಲ್ಲೂ ನಡೆಯುವ ಘಟನೆಗಳು ಊಟ, ನೆರೆಹೊರೆ, ಬಾಕಿ ಬಿಲ್ಲುಗಳ ಮಟ್ಟವನ್ನು ಮೀರುವುದು ಅಪರೂಪ. ಹಾಗಿದ್ದರೂ ಅವು ಒಂದೇ ಜಾತಿಯವಲ್ಲ. ಕಣ್ಣಿಗೆ ಕಾಣದ ಒಂದು ಊರನ್ನು ಕೇಳುಗನ ಮನಸ್ಸಿನಲ್ಲಿ ಹೇಗೆ ನಿಲ್ಲಿಸಬೇಕೆಂಬ ಪ್ರಶ್ನೆಗೆ ಮೂರೂ ಬೇರೆಬೇರೆ ಉತ್ತರ ಕೊಡುತ್ತವೆ, ಮತ್ತು ನನ್ನ ಮಟ್ಟಿಗೆ ಅವುಗಳ ತಾರತಮ್ಯವನ್ನು ನಿರ್ಧರಿಸುವುದು ಆ ಉತ್ತರವೇ.

1935ರಲ್ಲಿ ಎನ್‌ಬಿಸಿ ಎಂಬ ರೇಡಿಯೊ ಜಾಲದಲ್ಲಿ ಆರಂಭವಾದ ‘ಫಿಬ್ಬರ್ ಮೆಗೀ ಆ್ಯಂಡ್ ಮಾಲಿ’ಯ ವಿಧಾನ ಸರಳವಾದದ್ದು: ಊರು ತಾನಾಗಿಯೇ ಮನೆಬಾಗಿಲಿಗೆ ಬರುತ್ತದೆ. ಇಲಿನಾಯ್ ರಾಜ್ಯದ ಪ್ಯೋರಿಯಾದವರಾದ ಜಿಮ್ ಮತ್ತು ಮರಿಯನ್ ಜೋರ್ಡನ್ ಎಂಬ ನಿಜಜೀವನದ ದಂಪತಿಗಳೇ ಇಲ್ಲಿ 79, ವಿಸ್ಟ್‌ಫುಲ್ ವಿಸ್ಟಾ ಎಂಬ ವಿಳಾಸದ ಗಂಡಹೆಂಡತಿ. ಹೇಳಿಕೊಳ್ಳುವಂಥ ಉದ್ಯೋಗವಿಲ್ಲದ ಫಿಬ್ಬರ್ ಏನೋ ಒಂದು ಕೆಲಸಕ್ಕೆ ಕೈಹಾಕುತ್ತಾನೆ. ಮೇಯರ್ ಲಾ ಟ್ರಿವಿಯಾ, ಡಾಕ್ಟರ್ ಗ್ಯಾಂಬಲ್, ಹೆಂಡತಿಗೆ ಹೆದರುವ ವಾಲೇಸ್ ವಿಂಪಲ್ ಮೊದಲಾದವರು ಸರದಿಯಂತೆ ಬಂದು ಅವನನ್ನು ಕೆಣಕಿ ಹೋಗುತ್ತಾರೆ. ಅರ್ಧ ಗಂಟೆಯ ಕೊನೆಗೆ ಕೆಲಸ ಕೆಟ್ಟಿರುತ್ತದೆ. ಡಾನ್ ಕ್ವಿನ್ ಬರೆದ ಮಾತುಗಳು ಚುರುಕಾಗಿವೆ, ಸ್ಟುಡಿಯೊದಲ್ಲಿ ಕುಳಿತ ಪ್ರೇಕ್ಷಕರ ನಗೆಯೂ ಜೋರಾಗಿದೆ. ಆದರೆ ಪದಚಮತ್ಕಾರವನ್ನೇ ನೆಚ್ಚಿಕೊಂಡ ಹಾಸ್ಯವಾದುದರಿಂದ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ನಗೆ ಕೇಳಿಸಿದ ಮೇಲೆ ಅದರ ಕಾರಣ ಹೊಳೆಯುವುದುಂಟು.

ಭಾಷೆಯ ಹಂಗೇ ಇಲ್ಲದೆ ಎಲ್ಲರಿಗೂ ಮುಟ್ಟುವ ಒಂದು ಹಾಸ್ಯ ಆ ಸರಣಿಯಲ್ಲಿದೆ, ಅದು ಕಪಾಟಿನದು. ಮೊದಲ ಬಾರಿಗೆ 1940ರ ಮಾರ್ಚ್‌ನಲ್ಲಿ ತೆರೆದ ಆ ಕಪಾಟಿನಿಂದ ತುಂಬಿಟ್ಟ ಸಾಮಾನೆಲ್ಲ ಧಡಧಡನೆ ಉರುಳಿಬಿದ್ದು, ಸ್ವಲ್ಪ ಹೊತ್ತು ನಿಶ್ಶಬ್ದವಾಗಿ, ಕೊನೆಗೆ ಒಂದು ಪುಟ್ಟ ಗಂಟೆ ‘ಟಿಣ್’ ಎನ್ನುವ ಆ ಕ್ರಮವನ್ನು ಎಷ್ಟು ಸಲ ಕೇಳಿದರೂ ನನಗೆ ನಗು ಬರುತ್ತದೆ, ಏಕೆಂದರೆ ಆ ಗಂಟೆಗಾಗಿ ಕಿವಿ ಮೊದಲೇ ಕಾಯುತ್ತಿರುತ್ತದೆ. ಆಕಾಶವಾಣಿಯ ನಾಟಕಗಳಲ್ಲಿ ಬಾಗಿಲಿನ ಕಿರುಗುಟ್ಟುವಿಕೆಯಿಂದಲೇ ಮನೆಯ ವಯಸ್ಸನ್ನು ಊಹಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ದ ಗ್ರೇಟ್ ಗಿಲ್ಡರ್‌ಸ್ಲೀವ್’ ಹುಟ್ಟಿದ್ದು ಇದರ ಒಡಲಿನಿಂದಲೇ. ಫಿಬ್ಬರ್‌ನ ನೆರೆಮನೆಯ ಜಗಳಗಂಟನಾಗಿದ್ದ ಥ್ರಾಕ್‌ಮಾರ್ಟನ್ ಪಿ. ಗಿಲ್ಡರ್‌ಸ್ಲೀವ್, 1941ರ ಆಗಸ್ಟ್ 31ರಂದು ಸಮ್ಮರ್‌ಫೀಲ್ಡ್ ಎಂಬ ಊರಿಗೆ ರೈಲಿನಲ್ಲಿ ಬಂದಿಳಿದು, ತಂದೆತಾಯಿಯಿಲ್ಲದ ಮಾರ್ಜರಿ ಮತ್ತು ಲೀರಾಯ್ ಎಂಬ ಮಕ್ಕಳ ಪಾಲಕನಾಗುತ್ತಾನೆ, ಆಮೇಲೆ ಊರಿನ ನೀರು ಸರಬರಾಜು ಇಲಾಖೆಯ ಮುಖ್ಯಸ್ಥನೂ ಆಗುತ್ತಾನೆ. ಇಲ್ಲಿ ನಾಯಕನೇ ಊರಿನೊಳಕ್ಕೆ ನಡೆದುಹೋಗುತ್ತಾನೆ: ಪೀವಿಯ ಔಷಧದಂಗಡಿ, ಫ್ಲಾಯ್ಡ್‌ನ ಕ್ಷೌರದಂಗಡಿ, ನ್ಯಾಯಾಧೀಶ ಹೂಕರ್‌ನ ಮನೆ ಎಲ್ಲಕ್ಕೂ ದಾರಿಯಿದೆ. ಕಥೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ. ವಿಧವೆ ಲೀಲಾ ರಾನ್ಸಮ್‌ಳೊಂದಿಗೆ ಬೆಳೆದ ಒಲವು 1943ರಲ್ಲಿ ಮದುವೆಯ ಮುಹೂರ್ತದವರೆಗೂ ಬಂದು ಮುರಿದುಬೀಳುವ ಭಾಗವನ್ನು ಬಿಡಿಬಿಡಿಯಾಗಿ ಕೇಳಿದರೆ ರುಚಿಸದು, ಸಾಲಾಗಿ ಕೇಳಬೇಕು. ಗಿಲ್ಡರ್‌ಸ್ಲೀವ್‌ನ ಪಾತ್ರ ವಹಿಸಿದ ಹೆರಾಲ್ಡ್ ಪಿಯರಿಯ ಕಂಠದಿಂದ ಮೇಲಿನಿಂದ ಕೆಳಕ್ಕೆ ಜಾರುವ ಆ ನಗೆಯಲ್ಲಿ ಗರ್ವ, ನಾಚಿಕೆ, ಸಿಕ್ಕಿಬಿದ್ದ ಭಯ ಎಲ್ಲವೂ ಅಡಗಿವೆ. 1950ರಲ್ಲಿ ಅವರು ಬಿಟ್ಟುಹೋದ ಮೇಲೆ ಬಂದ ವಿಲ್ಲರ್ಡ್ ವಾಟರ್‌ಮನ್ ಅವರ ಧ್ವನಿ ಆಶ್ಚರ್ಯಪಡುವಷ್ಟು ಹತ್ತಿರವಿದ್ದರೂ ನಾನು ಅಷ್ಟಕ್ಕೇ ನಿಲ್ಲಿಸಿದೆ.

‘ವಿಕ್ ಆ್ಯಂಡ್ ಸೇಡ್’ ಕೇಳಲು ತೊಡಗಿದವರಿಗೆ ಮೊದಮೊದಲು ಏನೂ ನಡೆಯುತ್ತಿಲ್ಲವೆನ್ನಿಸುತ್ತದೆ, ಮತ್ತು ಅದು ಬಹುಮಟ್ಟಿಗೆ ನಿಜ. 1932ರಲ್ಲಿ ಷಿಕಾಗೊದಿಂದ ಆರಂಭವಾದ ಈ ಸರಣಿ ವಾರದ ದಿನಗಳಲ್ಲಿ ಹದಿನೈದು ನಿಮಿಷ ಪ್ರಸಾರವಾಗುತ್ತಿತ್ತು. ಪ್ರೇಕ್ಷಕರಿಲ್ಲ, ನಗೆಯಿಲ್ಲ, ಮಾತಿನ ಅಡಿಯಲ್ಲಿ ಸಂಗೀತವಿಲ್ಲ. ಅಡುಗೆ ಪಾತ್ರೆಗಳ ಕಂಪನಿಯೊಂದರ ಹದಿನಾಲ್ಕನೆಯ ಘಟಕದಲ್ಲಿ ಲೆಕ್ಕ ಬರೆಯುವ ವಿಕ್ ಗುಕ್, ಅವನ ಹೆಂಡತಿ ಸೇಡ್, ದತ್ತುಮಗ ರಷ್, ಹೀಗೆ ಹೆಚ್ಚಿನ ವರ್ಷಗಳಲ್ಲಿ ಕೇಳಿಸುವುದು ಮೂರೇ ಧ್ವನಿಗಳು. ಪ್ಯೋರಿಯಾದಿಂದ ನಲವತ್ತು ಮೈಲಿ ದೂರದ ಈ ಊರಿಗೆ, ಲೇಖಕ ಪಾಲ್ ರೈಮರ್ ಓದಿದ ಬ್ಲೂಮಿಂಗ್ಟನ್ ಪಟ್ಟಣವೇ ಮಾದರಿ. ಅದನ್ನು ಕ್ರೂಪರ್ ಎಂದು ಕರೆದದ್ದು ಬಹಳ ತಡವಾಗಿ.

ಈ ಮೂವರು ಊಟದ ಮೇಜಿನ ಬಳಿಯೋ ಹೊರಗಿನ ಜಗುಲಿಯಲ್ಲೋ ಕುಳಿತು ಮಾತಾಡುತ್ತಾರೆ, ಅಷ್ಟೇ. ಊರಿನ ಉಳಿದ ಜನವೆಲ್ಲ ಅವರ ಮಾತಿನಲ್ಲಿ ಮಾತ್ರ ಬದುಕಿದ್ದಾರೆ: ಕಸ ಎತ್ತುವ ಗಂಪಾಕ್ಸ್, ಯಾವ ಕೆಲಸದಲ್ಲೂ ನಿಲ್ಲದ ಹ್ಯಾಂಕ್ ಗಟ್‌ಸ್ಟಾಪ್, ರಾಬರ್ಟ್ ಮತ್ತು ಸ್ಲಾಬರ್ಟ್ ಎಂಬ ಅವಳಿಗಳು, ಸೇಡ್‌ಳ ಗೆಳತಿ ರೂತಿ. ಒಬ್ಬರೂ ಬಾಗಿಲು ತಟ್ಟುವುದಿಲ್ಲ. ಯಾಮಿಲ್ಟನ್ ಅಂಗಡಿಯಲ್ಲಿ ಮುಖ ಒರೆಸುವ ಬಟ್ಟೆಗಳ ರಿಯಾಯಿತಿ ಮಾರಾಟವಿದೆಯೆಂಬ ಸುದ್ದಿಯನ್ನು ಸೇಡ್ ಯುದ್ಧದ ವಾರ್ತೆಯಷ್ಟೇ ಗಂಭೀರವಾಗಿ ಹೇಳುತ್ತಾಳೆ. ವೈಎಂಸಿಎಯಲ್ಲಿ ದಪ್ಪ ಗಂಡಸರು ಹ್ಯಾಂಡ್‌ಬಾಲ್ ಆಡುವುದನ್ನು ನೋಡಿಬರುತ್ತೇನೆಂದು ರಷ್ ಅಪ್ಪಣೆ ಕೇಳುತ್ತಾನೆ. ವಿಕ್ ತನ್ನ ‘ಕ್ಷೀರಪಥದ ಪವಿತ್ರ ನಕ್ಷತ್ರಗಳು’ ಎಂಬ ಸಂಘದ ಘನತೆಯನ್ನು ಎತ್ತಿಹಿಡಿಯುತ್ತಾನೆ. ಯಾರೂ ಹಾಸ್ಯ ಮಾಡುತ್ತಿರುವಂತೆ ಮಾತಾಡುವುದಿಲ್ಲ. ಕೇಳುತ್ತಾ ಹೋದಂತೆ, ಧ್ವನಿಯೇ ಇಲ್ಲದ ಗಂಪಾಕ್ಸ್ ನನಗೆ ಎದುರುಮನೆಯವನಷ್ಟು ಪರಿಚಿತನಾದ. ಬಾಗಿಲು ತಟ್ಟಿ ಬಂದು ಹತ್ತು ಮಾತಾಡಿ ಹೋಗುವ ಮೇಯರ್ ಲಾ ಟ್ರಿವಿಯಾನ ಮನೆ ಹೇಗಿದೆಯೆಂದು ಮಾತ್ರ ಇನ್ನೂ ಊಹಿಸಲಾಗಿಲ್ಲ.

ಕುತೂಹಲದ ಸಂಗತಿಯೆಂದರೆ ಫಿಬ್ಬರ್ ಸರಣಿಯಲ್ಲಿಯೂ ಇದೇ ಉಪಾಯ ಒಂದು ಕಡೆ ಬಳಕೆಯಾಗಿದೆ. ಟೆಲಿಫೋನ್ ಕರೆಗಳನ್ನು ಜೋಡಿಸಿಕೊಡುವ ಮರ್ಟ್ ಎಂಬಾಕೆಯ ಧ್ವನಿ ನಮಗೆ ಕೇಳಿಸುವುದೇ ಇಲ್ಲವೆನ್ನಬಹುದು. ಅವಳ ಮನೆಯಲ್ಲಿ ನಡೆದದ್ದೆಲ್ಲ ಫಿಬ್ಬರ್‌ನ ಪ್ರತ್ಯುತ್ತರಗಳಿಂದಲೇ ತಿಳಿಯಬೇಕು. ಅಲ್ಲಿ ಕ್ಷಣಕಾಲದ ತಮಾಷೆಯಾಗಿರುವುದನ್ನು ರೈಮರ್ ಇಡೀ ಸರಣಿಯ ಅಡಿಪಾಯವಾಗಿಸಿದರು. ಮುಂದೆ 1953ರಲ್ಲಿ ಫಿಬ್ಬರ್ ಸರಣಿಯೂ ಪ್ರೇಕ್ಷಕರನ್ನು ಬಿಟ್ಟು ಹದಿನೈದು ನಿಮಿಷಕ್ಕೆ ಇಳಿಯಿತು. ಆ ಕೊನೆಯ ವರ್ಷಗಳದ್ದು ಇಳಿಗಾಲವೆಂದು ಹೇಳುವವರಿದ್ದಾರೆ. ನಗೆಯ ಗದ್ದಲವಿಲ್ಲದೆ ಜೋರ್ಡನ್ ದಂಪತಿಗಳ ಸಲುಗೆ ಇನ್ನೂ ಸ್ಪಷ್ಟವಾಗಿ ಕೇಳಿಸುವುದರಿಂದ ನಾನು ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ.

ಜಾಹೀರಾತಿನ ವಿಷಯದಲ್ಲಿ ಮಾತ್ರ ಫಿಬ್ಬರ್‌ಗೆ ಸರಿಸಾಟಿಯಿಲ್ಲ. ಘೋಷಕ ಹಾರ್ಲೋ ವಿಲ್ಕಾಕ್ಸ್ ಕಥೆಯ ನಡುವೆಯೇ ಅತಿಥಿಯಾಗಿ ಬಂದು, ಯಾವ ವಿಷಯ ತೆಗೆದರೂ ಅದನ್ನು ನೆಲಕ್ಕೆ ಹೊಳಪು ಕೊಡುವ ಮೇಣವಾದ ಜಾನ್ಸನ್ಸ್ ವ್ಯಾಕ್ಸ್‌ಗೆ ತಿರುಗಿಸುತ್ತಾನೆ, ಫಿಬ್ಬರ್ ನರಳುತ್ತಾನೆ, ನಾವು ಜಾಹೀರಾತನ್ನು ಪೂರ್ತಿ ಕೇಳಿರುತ್ತೇವೆ. ಗಿಲ್ಡರ್‌ಸ್ಲೀವ್‌ನಲ್ಲಿ ಕ್ರಾಫ್ಟ್ ಕಂಪನಿಯ ಪಾರ್ಕೆ ಮಾರ್ಗರೀನ್ (ಬೆಣ್ಣೆಯ ಬದಲಿಗೆ ಬಳಸುವ ಪದಾರ್ಥ) ಕುರಿತ ಮಾತುಗಳು ಬಂದಾಗ ನಾನು ಮುಂದಕ್ಕೆ ಓಡಿಸುತ್ತೇನೆ.

ಕಾಲ ಕಳೆದಂತೆ ಹಳಸಿದ ಭಾಗಗಳೂ ಇವೆ. ಫಿಬ್ಬರ್ ಸರಣಿಯ ಮನೆಗೆಲಸದ ಕರಿಯ ಹೆಂಗಸು ಬ್ಯೂಲಾಳ ಪಾತ್ರಕ್ಕೆ ಧ್ವನಿ ಕೊಟ್ಟವರು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸು. ಅವರು ಬಾಯಿ ತೆರೆದೊಡನೆ ಸ್ಟುಡಿಯೊದಲ್ಲಿ ಏಳುವ ನಗೆಯ ಕಾರಣ ತಿಳಿದ ಮೇಲೆ ಆ ದೃಶ್ಯಗಳು ಸಹ್ಯವೆನ್ನಿಸುವುದಿಲ್ಲ. ಗಿಲ್ಡರ್‌ಸ್ಲೀವ್‌ನ ಬರ್ಡಿಯೂ ಮನೆಗೆಲಸದವಳೇ, ಆದರೆ ಕಪ್ಪು ನಟಿ ಲಿಲಿಯನ್ ರ್‍ಯಾಂಡಾಲ್ಫ್ ಅವಳಿಗೆ ಕೊಟ್ಟಿರುವ ಬುದ್ಧಿಯೂ ತೂಕವೂ ಬರವಣಿಗೆಯ ಮಿತಿಯನ್ನು ಎಷ್ಟೋ ಕಡೆ ದಾಟುತ್ತವೆ.

ಉಳಿವಿನ ಲೆಕ್ಕದಲ್ಲಿ ಅನ್ಯಾಯವಾಗಿರುವುದು ನಾನು ಹೆಚ್ಚು ಮೆಚ್ಚಿದ ಸರಣಿಗೇ. ಮೊದಲೆರಡರ ನೂರಾರು ಕಂತುಗಳು ಸಾಕಷ್ಟು ಸ್ಪಷ್ಟವಾದ ಧ್ವನಿಯಲ್ಲಿ ಸಿಗುತ್ತವೆ. ರೈಮರ್ ಬರೆದ ಸುಮಾರು 3,500 ಕಂತುಗಳ ಪೈಕಿ ಧ್ವನಿರೂಪದಲ್ಲಿ ಉಳಿದಿರುವುದು ಹತ್ತರಲ್ಲಿ ಒಂದು ಭಾಗದಷ್ಟು. ಮಿಕ್ಕವುಗಳ ಮುದ್ರಿಕೆಗಳು 1940ರ ದಶಕದಲ್ಲಿ ನಾಶವಾದವು. ಹೀಗಾಗಿ ಒಂದು ಕಂತಿನಲ್ಲಿ ತೆಗೆದ ಸುದ್ದಿ ಮುಂದೇನಾಯಿತೆಂದು ತಿಳಿಯದೆಯೇ ಉಳಿಯುತ್ತದೆ, ಧ್ವನಿಯೂ ಕೆಲವೆಡೆ ಗೊರಗೊರ ಎನ್ನುತ್ತದೆ.

ಹೊಸಬರು ಗಿಲ್ಡರ್‌ಸ್ಲೀವ್‌ನಿಂದ, ಅದರಲ್ಲೂ 1942 ಮತ್ತು 1943ರ ಕಂತುಗಳಿಂದ ಆರಂಭಿಸುವುದು ಒಳ್ಳೆಯದು. ಕಥೆಯೇ ಕೈಹಿಡಿದು ನಡೆಸುತ್ತದೆ. ಫಿಬ್ಬರ್‌ನನ್ನು ವಾರಕ್ಕೊಂದರಂತೆ ಕೇಳಬೇಕು, ಒಂದೇ ಸಂಜೆ ಎರಡು ಮೂರು ಕೇಳಿದರೆ ಅತಿಥಿಗಳ ಸರದಿ ಬಾಯಿಪಾಠವಾಗಿ ಬೇಸರ ತರುತ್ತದೆ. ‘ವಿಕ್ ಆ್ಯಂಡ್ ಸೇಡ್’ಗೆ ಇದರ ವಿರುದ್ಧ ನಿಯಮ: ಒಂದನ್ನು ಕೇಳಿ ತೀರ್ಪು ಕೊಡಬಾರದು, ದಿನಕ್ಕೊಂದರಂತೆ ಕೆಲವು ವಾರ ಕೇಳಬೇಕು. 1940ರಲ್ಲಿ ಕ್ಲಾರೆನ್ಸ್ ಹಾರ್ಟ್‌ಸೆಲ್ ಅವರ ಧ್ವನಿಯಲ್ಲಿ ಮನೆಯೊಳಕ್ಕೆ ಬಂದ ಫ್ಲೆಚರ್ ಮಾವ ಯಾರ ಮಾತಿಗೂ ಕಿವಿಗೊಡದೆ, ಯಾರಿಗೂ ಗೊತ್ತಿಲ್ಲದ ಜನರ ಚರಿತ್ರೆ ಹೇಳುತ್ತಾ, ಪ್ರತಿಯೊಬ್ಬನನ್ನೂ ಕೊನೆಗೆ ‘ಆಮೇಲೆ ಸತ್ತ’ ಎಂದು ಮುಗಿಸಿಬಿಡುತ್ತಾನೆ. ಅವನಿರುವ ಕಂತುಗಳಿಂದ ಹಿಡಿದರೆ ಈ ಮನೆಯ ಮಾತಿನ ಲಯ ಬೇಗ ಹಿಡಿಸುತ್ತದೆ. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವುದಾದರೆ ನಾನು ಈಗಲೂ ಹಾಕುವುದು ಫಿಬ್ಬರ್‌ನನ್ನೇ: ಸೇಡ್‌ಳ ಮಾತಿಗೆ ಬೇಕಾದ ಮೌನ ನಾಲ್ಕು ಜನರಿರುವ ಕೋಣೆಯಲ್ಲಿ ಸಿಗುವುದಿಲ್ಲ, ಕಪಾಟು ಮಗುಚಿಬೀಳುವುದಕ್ಕೆ ಅದರ ಅಗತ್ಯವೂ ಇಲ್ಲ.