ಬ್ರಿಟನ್ನಿಗೆ ಹೊರಟವರಿಗೆ ಹಾಸನದಲ್ಲೊಂದು ತರಗತಿ: ಮೊದಲ ದಿನ ನೀರಸ, ಎರಡನೆಯ ದಿನ ಸಾರ್ಥಕ

ಹಾಸನದ ಬಿ.ಎಂ. ರಸ್ತೆಯ ಆಸುಪಾಸಿನಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಹೇಳಿಕೊಡುವ ಕೇಂದ್ರಗಳಿಗೆ ಈಗ ಕೊರತೆಯಿಲ್ಲ. ಅವುಗಳಲ್ಲೊಂದು, ಭಾಷಾ ಪರೀಕ್ಷೆಯ ತರಬೇತಿಯ ಜೊತೆಗೆ, ಬ್ರಿಟನ್ನಿಗೆ ಹೊರಟ ನರ್ಸುಗಳಿಗೂ ವಿದ್ಯಾರ್ಥಿಗಳಿಗೂ ಅಲ್ಲಿನ ಜನರ ಮೌಲ್ಯಗಳನ್ನು, ದಿನನಿತ್ಯದ ನಡವಳಿಕೆಯನ್ನು ಪರಿಚಯಿಸುವ ವಾರಾಂತ್ಯದ ತರಗತಿ ನಡೆಸುತ್ತಿದೆ. ಶನಿವಾರ ಮತ್ತು ಭಾನುವಾರ ಸೇರಿ ಶುಲ್ಕ ಆರು ಸಾವಿರ ರೂಪಾಯಿ. ನನ್ನ ತಂಗಿಯ ಮಗಳು ಲೀಡ್ಸ್‌ನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಹೊರಟಿದ್ದಾಳೆ. ಮನೆಯವರಲ್ಲಿ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂರಲು ಅಲ್ಲಿ ಅಡ್ಡಿಯಿಲ್ಲದ ಕಾರಣ ಅವಳೊಂದಿಗೆ ನಾನೂ ಹೋಗಿ ಕೂತೆ. ಮೆಚ್ಚುಗೆಯಷ್ಟೇ ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆದರೆ ಇಂಥದೇ ತರಗತಿಗಳು ಅನೇಕ ಊರುಗಳಲ್ಲಿ ನಡೆಯುತ್ತಿರುವಾಗ, ಹಣ ಕಟ್ಟುವ ಮುನ್ನ ಏನನ್ನು ವಿಚಾರಿಸಬೇಕೆಂದು ತಿಳಿಯಬಯಸುವವರಿಗೆ ಈ ಬರಹ ಉಪಯೋಗಕ್ಕೆ ಬಂದೀತು.

ಮೊದಲ ದಿನ ಪೂರ್ತಿ ಸ್ಲೈಡುಗಳ ದಿನ. ಬ್ರಿಟಿಷ್ ಮೌಲ್ಯಗಳು ನಾಲ್ಕು ಎಂದು ಆರಂಭಿಸಿದ ಬೋಧಕರು ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವೈಯಕ್ತಿಕ ಸ್ವಾತಂತ್ರ್ಯ, ಭಿನ್ನ ನಂಬಿಕೆಯವರ ಬಗ್ಗೆ ಗೌರವ ಮತ್ತು ಸಹನೆ ಎಂದು ಬರೆಸಿ, ಬಾಯಿಪಾಠ ಮಾಡಿಸಿದರು. ಈ ಪಟ್ಟಿ ಎಲ್ಲಿಂದ ಬಂತೆಂಬುದನ್ನು ಮಾತ್ರ ಹೇಳಲಿಲ್ಲ. ಉಗ್ರವಾದವನ್ನು ತಡೆಯಲು ಅಲ್ಲಿನ ಸರ್ಕಾರ 2011ರಲ್ಲಿ ಪ್ರಕಟಿಸಿದ ನೀತಿಯಲ್ಲಿ ಕಾಣಿಸಿಕೊಂಡ ಈ ಮೌಲ್ಯಗಳನ್ನು ಮಕ್ಕಳಲ್ಲಿ ಬೆಳೆಸಬೇಕೆಂದು 2014ರಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಸೂಚನೆ ಹೋಯಿತು. ಸರ್ಕಾರವೊಂದು ತನ್ನ ಆತಂಕದ ಕಾಲದಲ್ಲಿ ಬರೆದಿಟ್ಟ ಪಟ್ಟಿಯಿಂದ ಪಕ್ಕದ ಮನೆಯವರ ಸ್ವಭಾವವನ್ನು ಅಳೆಯಲು ಬರುವುದಿಲ್ಲ. ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ಓದಿಕೊಂಡು ಅರಸೀಕೆರೆಯ ಸಂತೆಗೆ ಬಂದವನಿಗೆ ಎಷ್ಟು ತಿಳಿದೀತೋ ಇದರಿಂದಲೂ ಅಷ್ಟೇ ತಿಳಿಯುವುದು.

ಮಧ್ಯಾಹ್ನದ ಪಾಠ ಬ್ರಿಟನ್ನಿನ ಪೌರತ್ವ ಪರೀಕ್ಷೆಯದು. 45 ನಿಮಿಷದಲ್ಲಿ 24 ಪ್ರಶ್ನೆ, ಅವುಗಳಲ್ಲಿ 18 ಸರಿಯಿದ್ದರೆ ಪಾಸು. ಅಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ಹೊತ್ತಿಗೆ, ಅಂದರೆ ಕೆಲವು ವರ್ಷ ಕಳೆದ ಮೇಲೆ, ಬೇಕಾಗುವ ಪರೀಕ್ಷೆಯಿದು. ಇನ್ನೂ ವಿಮಾನ ಹತ್ತದ ಹುಡುಗಿಯರಿಂದ ಎಂಟನೆಯ ಹೆನ್ರಿಯ ಆರು ಮಂದಿ ಹೆಂಡಿರ ಹೆಸರನ್ನು ಬರೆಸಿಕೊಳ್ಳುವ ಅವಸರ ಯಾಕೆಂದು ತಿಳಿಯಲಿಲ್ಲ. ನಡುವೆ, ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರ ಪ್ರತಿಮೆಯ ಚಿತ್ರ ಬಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆದರೆ ಮರುದಿನ ಮಧ್ಯಾಹ್ನ ಸಮಯ ಸಾಲದೆ ಪಾಠವೊಂದನ್ನು ಕೈಬಿಟ್ಟಾಗ, ಆ ಚಿತ್ರದ ಮುಂದೆ ಕಳೆದ ಅರ್ಧ ಗಂಟೆ ನೆನಪಾಗದೆ ಇರಲಿಲ್ಲ.

ತರಗತಿ ಬದಲಾದದ್ದು ಭಾನುವಾರ. ಅಂದು ಪಾಠ ಮಾಡಿದವರು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ಬಂದ ನರ್ಸ್. ಸ್ಲೈಡುಗಳನ್ನು ಬದಿಗಿಟ್ಟು, ಎರಡು ಮೇಜು ಜೋಡಿಸಿ ಹಾಸಿಗೆ ಮಾಡಿ, ವಯಸ್ಸಾದ ರೋಗಿಯಾಗಿ ತಾವೇ ಒರಗಿಕೊಂಡರು. ಹೊಳೆನರಸೀಪುರದ ಕಡೆಯ ಹುಡುಗಿಯೊಬ್ಬಳು ನರ್ಸಾಗಿ ಬಂದಳು. ಬಂದವಳೇ, "ಅಜ್ಜೀ, ಹೇಗಿದೀರಾ? ತಿಂಡಿ ಆಯ್ತಾ? ಮಕ್ಕಳು ಯಾರೂ ಬಂದಿಲ್ವಾ?" ಎನ್ನುತ್ತ ಹೊದಿಕೆ ಸರಿಪಡಿಸಿ, ನಾಡಿ ನೋಡಲು ಮುಂಗೈ ಹಿಡಿದಳು. ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇಷ್ಟು ಅಕ್ಕರೆಯ ನರ್ಸ್ ಸಿಕ್ಕರೆ ಪುಣ್ಯ ಎಂದು ನಾನಂದುಕೊಳ್ಳುವಷ್ಟರಲ್ಲಿ ಮೇಡಂ ಎದ್ದು ಕೂತರು. ಅವಳು ತನ್ನ ಹೆಸರು ಹೇಳಿರಲಿಲ್ಲ. ರೋಗಿಯನ್ನು ಏನೆಂದು ಕರೆಯಬೇಕೆಂದು ಕೇಳಿರಲಿಲ್ಲ. ಮಕ್ಕಳ ಮಾತೆತ್ತುವ ಅಗತ್ಯವಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೇಳದೆ ಕೈ ಹಿಡಿದಿದ್ದಳು.

ಮತ್ತೆ ಮಾಡಿಸಿದರು. ಈ ಸಲ ಹುಡುಗಿ ಹಾಸಿಗೆಯಿಂದ ಒಂದು ಹೆಜ್ಜೆ ಈಚೆಗೆ ನಿಂತು, ತನ್ನ ಹೆಸರನ್ನೂ ಕೆಲಸವನ್ನೂ ಹೇಳಿ, ತಮ್ಮನ್ನು ಹೇಗೆ ಕರೆಯಲಿ ಎಂದು ವಿಚಾರಿಸಿ, ನಾಡಿ ನೋಡಬಹುದೇ ಎಂದು ಕೇಳಿದಳು. ಕೇಳುತ್ತಿದ್ದಂತೆಯೇ ಅವಳ ಬೆರಳು ಮುಂಗೈ ಮೇಲಿದ್ದವು. "ಕೇಳಿದ್ದು ಸರಿ, ಕಾಯಲಿಲ್ಲ" ಎಂದರು ಮೇಡಂ. ಉತ್ತರ ಬರುವವರೆಗೆ ಕೈಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವುದು ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಮೂರನೆಯ ಸಲಕ್ಕೂ ಸಾಧ್ಯವಾಗಲಿಲ್ಲ. ಅಲ್ಲಿ ನರ್ಸಾಗಿ ನೋಂದಾಯಿಸಿಕೊಳ್ಳಲು ಎದುರಿಸಬೇಕಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪರಿಚಯ ಹೇಳಿಕೊಳ್ಳುವುದನ್ನೂ ಒಪ್ಪಿಗೆ ಪಡೆಯುವುದನ್ನೂ ಗಮನಿಸುತ್ತಾರಾದ್ದರಿಂದ ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯೂ ಅಲ್ಲ. ಹಾಗೆಂದು ಬ್ರಿಟಿಷರಿಗೆ ಇದು ಹುಟ್ಟಿನಿಂದ ಬಂದ ಗುಣವೇನಲ್ಲ ಎಂಬುದನ್ನೂ ಅವರು ಹೇಳಿದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ವೈದ್ಯೆ ಕೇಟ್ ಗ್ರೇಂಜರ್, 2013ರಲ್ಲಿ ತಾವೇ ರೋಗಿಯಾಗಿ ಆಸ್ಪತ್ರೆ ಸೇರಿದ್ದಾಗ, ಅನೇಕ ಸಿಬ್ಬಂದಿ ತಮ್ಮ ಹೆಸರನ್ನೂ ಹೇಳದೆ ಬಂದು ಹೋಗುವುದನ್ನು ಕಂಡು ಒಂದು ಆಂದೋಲನವನ್ನೇ ಆರಂಭಿಸಿದರು. ಅವರು 2016ರಲ್ಲಿ ತೀರಿಕೊಂಡರು. ಆಂದೋಲನ ಇಂದಿಗೂ ನಡೆದಿದೆ.

ಈ ಒಂದು ಅಭ್ಯಾಸದಿಂದ ಮೇಡಂ ಉಳಿದುದನ್ನೆಲ್ಲ ಬಿಡಿಸಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ಇನ್ನೊಬ್ಬರ ಮೈ, ಸಮಯ, ಸಂಬಳ, ಸಂಸಾರ ಇವೆಲ್ಲ ಅವರವರ ಬೇಲಿಯೊಳಗಿನ ವಿಷಯಗಳು. ಒಳಗೆ ಬರಲೇ ಎಂದು ಕೇಳದೆ ಯಾರೂ ಕಾಲಿಡುವುದಿಲ್ಲ. ಸಾಲಿನಲ್ಲಿ ನಿಲ್ಲುವುದು, ಹೇಳಿದ ಹೊತ್ತಿಗೆ ಬರುವುದು, ಬಸ್ಸಿನಲ್ಲಿ ಪಕ್ಕ ಕೂತವರೊಡನೆ ಹವಾಮಾನದ ಆಚೆಗೆ ಮಾತು ಬೆಳೆಸದಿರುವುದು, ಎಲ್ಲವೂ ಇದರಿಂದ ಹುಟ್ಟಿದವೇ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಮಗೆ ಸಾಲಿನ ನಿಯಮವನ್ನು ಕಲಿಯುವುದು ಕಷ್ಟವೇನಲ್ಲ, ಏಕೆಂದರೆ ಸಾಲು ಕಣ್ಣಿಗೆ ಕಾಣುತ್ತದೆ. ಪಬ್ಬಿನ ಕೌಂಟರಿನಲ್ಲಿ ಅದು ಕಾಣುವುದಿಲ್ಲ. ಅಲ್ಲಿ ಜನ ಅಡ್ಡಾದಿಡ್ಡಿ ನಿಂತಿದ್ದರೂ ಯಾರು ಮೊದಲು ಬಂದರೆಂಬುದು ಎಲ್ಲರ ನೆನಪಿನಲ್ಲಿರುತ್ತದೆ. ಕೂಗುವುದು, ನೋಟು ಬೀಸುವುದು ಒರಟುತನ. ಗೆಳೆಯರ ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಎಲ್ಲರಿಗೂ ಪಾನೀಯ ಕೊಡಿಸುವ ಪದ್ಧತಿಯಿದ್ದು, ನೀವು ಕಿತ್ತಳೆ ರಸವನ್ನೇ ಕುಡಿದರೂ ಯಾರೂ ಏನೂ ಅನ್ನುವುದಿಲ್ಲ, ಆದರೆ ನಿಮ್ಮ ಸರದಿ ತಪ್ಪಿಸಿಕೊಂಡರೆ ಅದನ್ನು ಮರೆಯುವುದಿಲ್ಲ. ಪಬ್ಬಿನ ಮಾತು ಬಂದೊಡನೆ ಹಿಂದಿನ ಬೆಂಚಿನ ತಂದೆತಾಯಂದಿರು ಮುಖ ಮುಖ ನೋಡಿಕೊಂಡರು. ಮೇಡಂ ಮುಜುಗರ ಪಡದೆ ಮುಂದುವರಿಸಿದ್ದು ಒಳ್ಳೆಯದೇ ಆಯಿತು.

ನಮ್ಮವರಿಗೆ ನಿಜವಾಗಿ ತೊಡಕಾಗುವುದು ಹಿರಿಯರ ವಿಚಾರ. ವಾರ್ಡಿನ ಮುಖ್ಯಸ್ಥೆಯನ್ನು ಹೆಸರು ಹಿಡಿದು ಕರೆಯಬೇಕು. ಅಭ್ಯಾಸದಲ್ಲಿ ಹುಡುಗಿಯರ ಬಾಯಿಂದ ಮೇಡಂ ಎಂಬುದೇ ಬರುತ್ತಿತ್ತು. ಅದೇ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರನ್ನು ಡಾಕ್ಟರ್ ಎನ್ನದೆ ಮಿಸ್ಟರ್ ಅಥವಾ ಮಿಸ್ ಎನ್ನುವ ಹಳೆಯ ರೂಢಿಯೂ ಅಲ್ಲಿ ಉಳಿದಿದೆ. ವೈದ್ಯರು ಬರೆದ ಔಷಧದ ಪ್ರಮಾಣ ತಪ್ಪೆಂದು ಕಂಡರೆ ಕಿರಿಯ ನರ್ಸ್ ಕೂಡ ಬಾಯಿ ಬಿಟ್ಟು ಕೇಳಲೇಬೇಕು. ಅಲ್ಲಿನ ನರ್ಸುಗಳ ವೃತ್ತಿಸಂಹಿತೆ ಅದನ್ನು ಕರ್ತವ್ಯವೆಂದೇ ವಿಧಿಸಿದ್ದು, ದೊಡ್ಡವರೆಂಬ ಗೌರವದಿಂದ ಸುಮ್ಮನಿದ್ದರೆ ತಪ್ಪು ಸುಮ್ಮನಿದ್ದವಳದೂ ಆಗುತ್ತದೆ. ಇನ್ನು ಮೇಲಿನವರು ಕೊಡುವ ಆಜ್ಞೆ ಆಜ್ಞೆಯಂತೆ ಕೇಳಿಸುವುದಿಲ್ಲ. ಬಿಡುವಾದಾಗ ಆ ಚಾರ್ಟನ್ನು ಒಮ್ಮೆ ನೋಡಿದರೆ ಚೆನ್ನಾಗಿತ್ತೇನೋ ಎಂದು ಅವರು ಅಂದರೆ, ಈಗಲೇ ನೋಡು ಎಂದೇ ತಿಳಿಯಬೇಕು.

ಬಿಟ್ಟುಹೋದ ಸಂಗತಿಗಳಲ್ಲಿ ಮುಖ್ಯವಾದುದು, ಬ್ರಿಟನ್ ಎಂದರೆ ಇಂಗ್ಲೆಂಡ್ ಒಂದೇ ಅಲ್ಲವೆಂಬುದು. ಗ್ಲಾಸ್ಗೋಗೆ ಹೊರಟ ಹುಡುಗನೊಬ್ಬ ಆ ತರಗತಿಯಲ್ಲೇ ಇದ್ದ; ಅಲ್ಲಿನವರನ್ನು ಇಂಗ್ಲಿಷರು ಎಂದರೆ ಮುಖ ಬಿಗಿಯುತ್ತದೆಂದು ಅವನಿಗೆ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಾದರೂ ಇದನ್ನು ಮರೆಯಬಾರದಿತ್ತು: 1850ರ ದಶಕದಲ್ಲಿ ಮಂಜರಾಬಾದ್ ಸೀಮೆಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಸ್ಕಾಟ್ಲೆಂಡಿನವರು. ಧರ್ಮದ ಬಗ್ಗೆ ಹೇಳಿದ್ದೂ ಹಳೆಯ ಪಾಠ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರೆಂದು ಬರೆಸಿದವರು ಶೇ 46.2, ಯಾವ ಧರ್ಮವೂ ಇಲ್ಲವೆಂದವರು ಶೇ 37.2.

ಸಮಯ ಸಾಲದೆ ಕೈಬಿಟ್ಟ ಪಾಠ ಒಂಟಿತನದ್ದು. ಬೇಲಿಯನ್ನು ಗೌರವಿಸುವ ಸಮಾಜದಲ್ಲಿ, ನೀವಾಗಿ ಕರೆಯದೆ ಯಾರೂ ಬಾಗಿಲು ತಟ್ಟುವುದಿಲ್ಲ. 2018ರಲ್ಲಿ ಸಚಿವೆಯೊಬ್ಬರಿಗೆ ಒಂಟಿತನ ನೀಗಿಸುವ ಹೊಣೆಯನ್ನೇ ವಹಿಸಿದ ದೇಶವದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವ ಲೀಡ್ಸ್‌ನಲ್ಲಿ, ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುವ ಹುಡುಗಿಗೆ ಬಾಯಿಪಾಠದ ನಾಲ್ಕು ಮೌಲ್ಯಗಳಾಗಲಿ ಎಂಟನೆಯ ಹೆನ್ರಿಯಾಗಲಿ ನೆರವಿಗೆ ಬರುವುದಿಲ್ಲ. ಬಣ್ಣದ ಕಾರಣಕ್ಕೆ ಕೀಳಾಗಿ ಕಂಡರೆ ಯಾರಿಗೆ ಹೇಳಬೇಕು, 2010ರ ಸಮಾನತೆಯ ಕಾಯ್ದೆ ಏನನ್ನು ಕೊಡುತ್ತದೆ ಎಂಬುದರ ಬಗ್ಗೆಯೂ ಒಂದು ಮಾತಿಲ್ಲ.

ಕೋಣೆಯಲ್ಲಿ ಗಾಳಿ ಬೆಳಕಿದೆ, ಕಾಫಿ ಚೆನ್ನಾಗಿದೆ. ಮುದ್ರಿತ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೂ ತುರ್ತಿಗೆ 999, ತುರ್ತಲ್ಲದ ವೈದ್ಯಕೀಯ ಸಲಹೆಗೆ 111, ಹೋದ ಕೂಡಲೇ ಬಡಾವಣೆಯ ವೈದ್ಯರಲ್ಲಿ ಹೆಸರು ನೋಂದಾಯಿಸುವುದು ಮುಂತಾದ ಮಾಹಿತಿ ಅದರಲ್ಲಿ ಸರಿಯಾಗಿದೆ. ಭಾನುವಾರಕ್ಕಷ್ಟೇ ಬರಲು ಅವಕಾಶವಿದ್ದು, ಆಗ ಶುಲ್ಕ ಮೂರೂವರೆ ಸಾವಿರ. ಇದನ್ನು ಅವರಾಗಿಯೇ ಹೇಳುವುದಿಲ್ಲ, ಕೇಳಿದರೆ ಒಪ್ಪುತ್ತಾರೆ. ನರ್ಸ್ ಮೇಡಂ ಎಲ್ಲ ವಾರವೂ ಬರುವುದಿಲ್ಲವಾದ್ದರಿಂದ, ಅವರು ಬರುವ ವಾರ ಯಾವುದೆಂದು ಖಚಿತಪಡಿಸಿಕೊಂಡೇ ಹಣ ಕಟ್ಟಿ.